ಮಗ್ಗುಲಾಗಿ ಮಲಗಿದ ಹಡಗನ್ನ ಕ್ರೇನ್ ಹಾಕಿ ಎತ್ತಿಬಿಟ್ರೆ ಆಗಲ್ವಾ?

ಡೊಂಬಿವಲಿ ಟೈಪಿಸ್ಟ್:

ಎಲ್ಲರಿಗೂ ನಮಸ್ಕಾರ. ನಾನು ಮುಂಬಯಿಯ ಫೋರ್ಟ್‌ನಲ್ಲಿ ಒಂದು ಮರೀನ್ ಸರ್ವೇಯರ್ (ಹಡಗುಗಳ ಹಾನಿ ಪರಿಶೀಲಿಸೋರು) ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ರಿಪೋರ್ಟ್ ಟೈಪ್ ಮಾಡ್ತಿದ್ದೀನಿ. ಹತ್ತಿರದಿಂದ ನೋಡಿದ್ದು ಅಂದ್ರೆ ಭಾವೂಚಾ ಧಕ್ಕಾದಿಂದ ರೇವಸ್‌ಗೆ ಹೋಗೋ ಲಾಂಚ್ ಒಂದೇ. ಅದನ್ನ ಹಡಗು ಅನ್ನಬಹುದಾದ್ರೆ ಹಡಗು.

2025ರ ಮೇ ತಿಂಗಳಲ್ಲಿ ಕೊಚ್ಚಿ ಹತ್ರ ಎಂಎಸ್‌ಸಿ ಎಲ್ಸಾ 3 ಅನ್ನೋ ಹಡಗು ಮುಳುಗಿದಾಗ ಟಿವಿಯಲ್ಲಿ ಅದು ಒಂದು ಕಡೆ ವಾಲಿಕೊಂಡು ಕಂಟೇನರ್‌ಗಳು ಜಾರೋದನ್ನ ತೋರಿಸಿದ್ರು. ಏಳನೇ ಕ್ಲಾಸಿನ ನನ್ನ ಮಗ ಕೇಳಿದ: "ಅಮ್ಮ, ದೊಡ್ಡ ಕ್ರೇನ್ ತಂದು ಎತ್ತಿ ನಿಲ್ಲಿಸಲ್ವಾ?" ನನಗೆ ಉತ್ತರ ಗೊತ್ತಿರಬೇಕಿತ್ತು. ಪಾರ್‌ಬಕ್ಲಿಂಗ್, ಕಾಫರ್‌ಡ್ಯಾಮ್, ಹೋಲ್ಡ್ ಬ್ಲ್ಯಾಕ್ ಚೈನ್, ಹಾಟ್ ಟ್ಯಾಪಿಂಗ್ ಎಲ್ಲಾ ಸ್ಪೆಲಿಂಗ್ ಸಮೇತ ಬಾಯಿಪಾಠ ಇದೆ, ಅರ್ಥ ಒಂದೂ ಗೊತ್ತಿಲ್ಲ. ನಮ್ಮ ಸರ್ವೇಯರ್ ಸಾಹೇಬರ ಕೈಬರಹ ಓದೋದೇ ಒಂದು ಪಂಚಾಯ್ತಿ, ಅರ್ಥ ಬೇರೆ ಕೇಳಿದ್ರೆ ಬೈತಾರೆ.

ಮಗುಚಿದ ಹಡಗನ್ನ ನೆಟ್ಟಗೆ ಮಾಡೋದು ಹೇಗೆ ಅಂತ ಗೊತ್ತಿರೋರು ಯಾರಾದ್ರೂ ಹೇಳ್ತೀರಾ? ಹುಡುಗನಿಗೆ ಅರ್ಥ ಆಗೋ ಹಾಗೆ. ಅಂದ್ರೆ ನನಗೆ ಅರ್ಥ ಆಗೋ ಹಾಗೆ.

ಭೋಸರಿ ಮೆಕ್ಯಾನಿಕಲ್:

ಮೇಡಂ, ಇದರಲ್ಲಿ ಏನಿದೆ? ಸಮುದ್ರದ ಮೇಲೆ ತೇಲೋ ಕ್ರೇನ್‌ಗಳು ಐದು ಸಾವಿರ, ಹತ್ತು ಸಾವಿರ ಟನ್ ಎತ್ತೋವು ಇವೆ. ಹಡಗಿನ ತೂಕ ನೋಡೋದು, ಕ್ರೇನ್ ಬುಕ್ ಮಾಡೋದು, ಎತ್ತೋದು. ನಮ್ಮ ಶಾಪ್‌ನಲ್ಲಿ ಪ್ರೆಸ್ ಮಷಿನ್ ಮಗುಚಿದಾಗ ಹಾಗೇ ಮಾಡಿದ್ವಿ. ಉಳಿದದ್ದೆಲ್ಲ ಬಿಲ್ ಏರಿಸೋ ಮಾತು.

ವಾಸ್ಕೋ ಫೋರ್‌ಮನ್:

ಅಕ್ಕಾರ, ನಿಮ್ಮ ಮಗ ಕೇಳಿದ್ದು ಛಲೋ ಪ್ರಶ್ನೆ ಅದ. ಭೋಸರಿ ಸಾಹೇಬರು ಹೇಳಿದ್ದು ಬರೇ ಕಬ್ಬಿಣದ ತೂಕ. ಒಳಗ ಹೊಕ್ಕ ನೀರು, ಒಂದ ಮೂಲ್ಯಾಗ ಗುಡ್ಡಿ ಆದ ಸರಕು, ಹೊಟ್ಟಿಗೆ ಅಂಟಿದ ಕೆಸರು, ಇವನ್ನ ಯಾರು ತೂಗ್ತಾರ್ರಿ? ಮತ್ತ ಹಡಗು ಕಟ್ಟೂದು ತಳದಿಂದ ನೀರು ಹೊರಲಿ ಅಂತ. ಮಗ್ಗಲಿಗೆ ನಾಕು ಕೊಕ್ಕಿ ಹಾಕಿ ಗಾಳ್ಯಾಗ ಎತ್ತಿದ್ರ ನಡು ಮುರೀತದ.

ನಾ ಹಳಿಯಾಳದಾಂವ. ಗೋವಾದ ವಾಸ್ಕೋಕ್ಕ ಬಂದು ಮೂವತ್ತೊಂದು ವರ್ಷಾತು. ಮೊದಲ ಗ್ಯಾಸ್ ಕಟರ್, ಆಮ್ಯಾಲ ವೆಲ್ಡರ್, ಆಮ್ಯಾಲ ಫೋರ್‌ಮನ್. ದೊಡ್ಡ ಹಡಗು ಎಬ್ಬಿಸಿಲ್ಲ, ಸುಳ್ಳು ಯಾಕ ಹೇಳ್ಲಿ. ಅದಿರಿನ ಬಾರ್ಜ್, ಅಂದ್ರ ಚಪ್ಪಟಿ ತಳದ ಸರಕಿನ ದೋಣಿ, ಮೂರು ಎಬ್ಬಿಸೀನಿ. ಎರಡಕ್ಕೂ ಬುದ್ಧಿ ಒಂದ, ಹಗ್ಗದ ದಪ್ಪ ಬ್ಯಾರೆ.

ಇದು ಎತ್ತೂ ಕೆಲಸ ಅಲ್ಲ, ಹೊಳ್ಳಿಸೂ ಕೆಲಸ. ನಮ್ಮಪ್ಪ ದಾಂಡೇಲಿ ನಾಟಾ ಡಿಪೋದಾಗ ಹಮಾಲಿ ಮಾಡ್ತಿದ್ದ. ಸಾಗವಾನಿ ದಿಮ್ಮಿ ಲಾರಿಗೆ ಏರಿಸೂದು ನೋಡೀರೇನು? ಲಾರಿಗೆ ಎರಡು ಗಟ್ಟಿ ಕಂಬ ಇಳಿಜಾರಾಗಿ ಹಚ್ಚತಾರ. ಹಗ್ಗದ ಒಂದು ತುದಿ ಲಾರಿಗೇ ಕಟ್ಟಿ, ದಿಮ್ಮಿ ಕೆಳಗಿಂದ ಸುತ್ತಿ ತಂದು, ಇನ್ನೊಂದು ತುದಿ ಮ್ಯಾಲೆ ನಿಂತವ್ರು ಜಗ್ತಾರ. ದಿಮ್ಮಿ ತಾನ ಉರುಳಿಕೋತ ಏರ್ತದ. ಅರ್ಧ ಜೋರು ಸಾಕು, ಆದ್ರ ಹಗ್ಗ ಎರಡು ಪಟ್ಟು ಜಗ್ಗಬೇಕು. ಪಾರ್‌ಬಕಲ್ ಅಂದ್ರ ಇದ. ಹಳೇ ಕಾಲದಾಗ ಹಡಗಿನವ್ರು ಪೀಪಾಯಿ ಹಿಂಗ ಏರಿಸ್ತಿದ್ರು, ಆ ಹೆಸರು ಉಳಕೊಂಡದ.

ಈಗ ನನ್ನ ಬಾರ್ಜಿನ ಕಥಿ ಹೇಳ್ತೀನಿ. 2007ರ ಜೂನ್. ಮಳಿಗಾಲದಾಗ ಅಗ್ವಾದ ಬಾರ್, ಅಂದ್ರ ಮಾಂಡವಿ ಹೊಳಿ ಬಾಯಾಗಿನ ಉಸುಕಿನ ದಿಬ್ಬ ದಾಟೂ ದಾರಿ, ಬಂದ್ ಇರ್ತದ, ಮಾಂಡವಿ ಕಡೆ ಬಾರ್ಜ್‌ಗೋಳು ಕುಂಬಾರ್ಜುವಾ ಕಾಲುವಿ ಹಿಡದು ಜುವಾರಿ ಹೊಳಿಗೆ ಇಳದು ಮುರಗಾಂವಕ್ಕ ಹೋಗಬೇಕು. ಹಂಗ ಬಂದದ್ದೊಂದು ಕುಟ್ಟಾಳಿ ಹತ್ರ ಮಗ್ಗಲಾತು. ಯಾರ ಬಾರ್ಜ್ ಅಂತ ಕೇಳಬ್ಯಾಡ್ರಿ. ಮಂದಿ ಐದೂ ಈಸಿ ದಂಡಿಗೆ ಬಂದ್ರು, ಅಷ್ಟು ಸಾಕು. ನಾವು ಹೋಗೂದ್ರಾಗ ಇಳತಾ ಆಗಿತ್ತು, ಭರತಿ ನೀರು ಇಳದಿತ್ತು. ಒಂದು ಮಗ್ಗಲಾ ಅಷ್ಟ ನೀರಿನ ಮ್ಯಾಲೆ ಕಾಣ್ತಿತ್ತು, ಕೆರ್‍ಯಾಗ ಮಲಗಿದ ಎಮ್ಮಿ ಬೆನ್ನಿನಂಗ.

ಮೊದಲ ಕೆಲಸ ಎಣ್ಣಿ ತಗಿಯೂದು. ಹಡಗು ಸಣ್ಣದಿರ್ಲಿ ದೊಡ್ಡದಿರ್ಲಿ, ಇದಕ್ಕ ಬದಲಿಲ್ಲ. ದೊಡ್ಡ ಹಡಗಿನಾಗ ಟ್ಯಾಂಕಿನ ಗೋಡಿಗೆ ಹೊರಗಿಂದ ವಾಲ್ವ್ ಬೋಲ್ಟ್ ಮಾಡಿ, ಆ ವಾಲ್ವಿನ ಒಳಗಿಂದನ ತೂತು ಕೊರೀತಾರ, ಹನಿ ಎಣ್ಣಿ ಹೊರಗ ಬರಬಾರದು. ಅದಕ್ಕ ಹಾಟ್ ಟ್ಯಾಪ್ ಅಂತಾರ. ಫರ್ನೇಸ್ ಎಣ್ಣಿ ಥಂಡಿಗೆ ಬೆಲ್ಲದ ಪಾಕದಂಗ ಗಟ್ಟಿ ಆಗಿರ್ತದ, ಕಾಸಿ ಜಗ್ಗಬೇಕು. ನಮ್ಮದು ಬರೇ ಡೀಸೆಲ್, ಒಂದ ದಿನದಾಗ ಮುಗೀತು.

ಆಮ್ಯಾಲ ಡೈವರ್ ಇಳಿಸಿದ್ವಿ. ಮಳಿ ನೀರು, ಅದಿರಿನ ಕೆಂಪು, ಕೈ ಮುಂದ ಹಿಡದ್ರ ಕೈ ಕಾಣೂದಿಲ್ಲ. ರತ್ನಾಗಿರಿ ಕಡೆ ಹುಡುಗ ಒಬ್ಬಾಂವ ನೀರಾಗ ಎಲ್ಲಾ ಕೈಲೆ ಮುಟ್ಟಿ ನೋಡಿ, ಮ್ಯಾಲ ಬಂದು ಪ್ಲೈವುಡ್ ಮ್ಯಾಲ ಸೀಮೆಸುಣ್ಣದಾಗ ಬರದು ತೋರಿಸ್ದ. ಮಗ್ಗಲಾಗೂವಾಗ ಅದಿರು ಬಹಳಷ್ಟು ಹೊಳಿಗೆ ಚೆಲ್ಲಿತ್ತು, ಆದ್ರ ಕೆಳಗಿನ ಮೂಲ್ಯಾಗ ಇನ್ನೂ ಒಂದು ಗುಡ್ಡಿ ಕುಂತಿತ್ತು. ಅದನ್ನ ಗ್ರ್ಯಾಬ್ ಹಾಕಿ ತಗದ್ವಿ. ಅದಿರು ಇಟಗೊಂಡು ಜಗ್ಗೂದಂದ್ರ ಮಲಗಿದ ಮನಷ್ಯಾನ ಕಿಸೇದಾಗ ಕಲ್ಲು ತುಂಬಿ ಎಬ್ಬಿಸಿದಂಗ.

ಜಗ್ಗೂದಕ್ಕ ಹಡಗಿನ ಮೈಗೆ ಹಿಡಿ ಬೇಕು. ಪ್ಯಾಡ್ ಐ ಅಂತಾರ, ದಪ್ಪ ತಗಡಿಗೆ ತೂತು ಹಾಕಿ ವೆಲ್ಡ್ ಮಾಡೂದು. ಅದನ್ನ ಎಲುಬಿನ ಮ್ಯಾಲ, ಅಂದ್ರ ಒಳಗಿನ ಫ್ರೇಮಿನ ನೆತ್ತಿ ಮ್ಯಾಲೆ, ಹಚ್ಚಬೇಕು. ಬರೇ ತೊಗಲಿಗೆ ಹಚ್ಚಿದ್ರ ತೊಗಲ ಕಿತ್ತು ಬರ್ತದ. ಆರು ಹಚ್ಚಿದ್ದೆ. ಐದು ಸರಿ ಇದ್ದವು. ಆರನೇದು ಕತ್ತಲಾಗಿತ್ತು, ಮಳಿ ಹೊಡೀತಿತ್ತು, ಸುತ್ತಿಗಿಲೆ ಬಡದು ಸಪ್ಪಳ ಕೇಳಿ ಫ್ರೇಮ್ ಇಲ್ಲೇ ಅದ ಅಂತ ಅಂದಾಜು ಹಾಕಿ ಹಚ್ಚಿದೆ. ನಾಕು ಬಟ್ಟು ತಪ್ಪಿತ್ತು. ಮರುದಿನ ಜೋರು ಬಿದ್ದಕೂಡ್ಲೆ ತಗಡು ಹಪ್ಪಳದಂಗ ಮುರದು ಪ್ಯಾಡ್ ಐ ಸಮೇತ ವಾಯರ್ ಹಾರಿ ಬಂತು. ದಂಡಿಯ ಕಾಂಡ್ಲಾ ಗಿಡಗಳ ತಲಿ ಕುಡಗೋಲಿಲೆ ಕೊಯ್ದಂಗ ಕೊಯ್ಕೊಂಡ ಹೋತು. ವಾಯರಿನ ಸಾಲಿನಾಗ ಯಾರೂ ನಿಂದ್ರಬಾರದು ಅಂತ ಮುಂಜಾನೆ ಸೀಟಿ ಊದಿ ಎಲ್ಲಾರ್ನೂ ಸರಿಸಿದ್ದೆ, ಅದೊಂದ ಪುಣ್ಯಾ. ಬೈಸಿಕೊಂಡದ್ದು ಬ್ಯಾರೆ ಮಾತು.

ಆದ್ರ ಖರೇ ಪಾಠ ಆತದ್ದು ಅದಕ್ಕಿಂತ ಮೊದಲ ದಿನ. ವಿಂಚ್, ಅಂದ್ರ ವಾಯರ್ ಸುತ್ತಿ ಜಗ್ಗೂ ಮಷಿನ್, ಚಾಲೂ ಮಾಡಿದ್ವಿ. ಬಾರ್ಜ್ ಅಲುಗ್ಯಾಡ್ತು. ಎಲ್ಲಾರೂ ಹೋ ಅಂದ್ರು. ಒಂದು ತಾಸಿಗೆ ಐದಾರು ಅಡಿ ಬಂದಿತ್ತು. ಅಷ್ಟರಾಗ ನಮ್ಮ ಮುದುಕ ತಾಂಡೇಲ (ದೋಣಿ ಮಂದಿಯ ಮುಖ್ಯಸ್ಥ) ಅದರ ತಳದ ಹತ್ರ ಒಂದು ಬಿದರಿನ ಗಳ ಊರಿದ್ದಾಂವ, ನನ್ನ ಕರದು ತೋರಿಸ್ದ. ಗಳದಿಂದ ತಳಾನೂ ಅಷ್ಟ ದೂರ ಬಂದಿತ್ತು. "ಫೋರ್‌ಮನ್, ಇದು ಹೊಳ್ಳಾಕತ್ತಿಲ್ಲ, ಸರ್‍ಯಾಕತ್ತದ." ಹೊಟ್ಟಿ ಅನ್ನೂದು ತಣ್ಣಗಾತು. ಮಲಗಿದ ಬಾರ್ಜ್ ಮಲಗಿದಂಗನ ಕೆಸರಿನ ಮ್ಯಾಲ ಜಾರಿ ದಂಡಿಗೆ ಬರ್ತಿತ್ತು. ಹಂಗ ಇನ್ನೆರಡು ತಾಸು ಜಗ್ಗಿದ್ರ ಕಡಿಮಿ ನೀರಿನಾಗ ಸಿಕ್ಕಿ ಅಲ್ಲೇ ಗೋರಿ ಆಗ್ತಿತ್ತು.

ಕೆಳಗ ಹಿಡದು ಮ್ಯಾಲ ಜಗ್ಗಬೇಕು. ಬಾಗಲಾ ತಗಿಯೂವಾಗ ಹಿಂಜಸ್ ಇರಲಿಲ್ಲ ಅಂದ್ರ ಬಾಗಲಾನ ಕೈಗೆ ಬರ್ತದಲ್ಲ, ಹಂಗ. ಜಗ್ಗೂದಕ್ಕಿಂತ ಈ ಹಿಡಿಯೂದರಾಗನ ಅರ್ಧಕ್ಕಿಂತ ಹೆಚ್ಚು ದುಡ್ಡು, ದಿನಾ ಹೋಗ್ತಾವ. ಅಮೆರಿಕದ ಪರ್ಲ್ ಹಾರ್ಬರಿನಾಗ ಒಕ್ಲಹೋಮಾ ಅಂತ ಯುದ್ಧ ನೌಕೆ ಬುಡಮೇಲಾಗಿತ್ತು, 1941ರಾಗ. 1943ರಾಗ ದಂಡಿ ಮ್ಯಾಲ 21 ವಿಂಚ್ ಕೂಡಿಸಿ, ಹಡಗಿನ ಬೆನ್ನ ಮ್ಯಾಲ 40 ಅಡಿ ಎತ್ತರದ ಕಮಾನು ನಿಲ್ಲಿಸಿ ಜಗ್ಗಿದ್ರು. ಕಮಾನು ಯಾಕಂದ್ರ ಸನಿಕಿ ಹಿಡಿ ಉದ್ದ ಇದ್ದಷ್ಟೂ ಜೋರು ಹೆಚ್ಚು. ಆದ್ರ ಅದೂ ಜಾರತದ ಅಂತ ಮೂತಿ ಕಡೆ ಹವಳದ ಮಣ್ಣು ಸುರುವಿ ಒತ್ತು ಕೊಟ್ರು. ಮಾರ್ಚ್‌ದಾಗ ಹಿಡದ ಕೆಲಸ ಜೂನ್‌ತನಕ ನಡೀತು.

ಇಟಲಿಯ ಜಿಲಿಯೊ ದ್ವೀಪದ ಕೋಸ್ಟಾ ಕಾಂಕೋರ್ಡಿಯಾ ನೆನಪಿರಬೇಕು, 2012ರ ಜನವರಿಯಾಗ 32 ಮಂದಿ ಸತ್ತಿದ್ರು. ಅದು ಸರಕಿನ ಹಡಗಲ್ಲ, ಆದ್ರ ಕೆಲಸ ಇದ. 2013ರ ಸೆಪ್ಟೆಂಬರ್ 16ಕ್ಕ ಹೊಳ್ಳಿಸಾಕ ಶುರು ಮಾಡಿದಾಗ ನಮ್ಮ ರಾತ್ರಿ ಪಾಳಿ ಮಂದಿ ಎಲ್ಲಾ ಕ್ಯಾಂಟೀನ್ ಟಿವಿ ಮುಂದ. 19 ತಾಸು ಹಿಡೀತು. ಟಿವಿಯವ್ರಿಗೆ ಬ್ಯಾಸರ, ಏನೂ ಅಲುಗ್ಯಾಡೂದು ಕಾಣವಲ್ದು ಅಂತಿದ್ರು. ನಾವು ಮಾತ್ರ ಮೈಮ್ಯಾಲೆ ತುಕ್ಕಿನ ಪಟ್ಟಿ ಒಂದೊಂದ ಬಟ್ಟು ಅಗಲ ಆಗೂದು ನೋಡ್ತಿದ್ವಿ. ಆ ಹಡಗು ಇಳಿಜಾರು ಬಂಡೆಗಲ್ಲಿನ ಮ್ಯಾಲ ಕುಂತಿತ್ತು, ಜಾರಿದ್ರ ಆಳಕ್ಕ ಹೋಗ್ತಿತ್ತು. ಅದಕ್ಕ ನೀರಿನ ತಳದಾಗ ಕಬ್ಬಿಣದ ಕಟ್ಟಿ ಕಟ್ಟಿ, ಕೆಳಗಿಂದ ಚೈನ್ ಹಾಸಿ ದಂಡಿ ಕಡೆಗೆ ಹಿಡದಿದ್ರು. ಆ ತಯಾರಿಗೆ ಒಂದು ವರ್ಷಕ್ಕಿಂತ ಹೆಚ್ಚು ಹೋತು. ಹೊಳ್ಳಿಸಿದ್ದು ಒಂದು ಹಗಲು ಒಂದು ರಾತ್ರಿ.

ಡೊಂಬಿವಲಿ ಟೈಪಿಸ್ಟ್:

ಕಾಕಾ, ಊಟ ಬಿಟ್ಟು ಓದಿದೆ. ಮಗನಿಗೂ ಓದಿ ಹೇಳಿದೆ, ಬಾಗಿಲು–ಹಿಂಜಸ್ ಅವನಿಗೆ ತಕ್ಷಣ ಹತ್ತಿತು. ಈಗ ಅವನ ಮುಂದಿನ ಪ್ರಶ್ನೆ: ಮಲಗಿದ್ದಾಗಲೇ ಒಳಗಿನ ನೀರನ್ನ ಪಂಪ್ ಮಾಡಿ ತೆಗೆದ್ರೆ ತಾನೇ ತೇಲಿ ಎದ್ದು ಬರಲ್ವಾ? ಪ್ಲಾಸ್ಟಿಕ್ ಬಾಟಲಿ ಬರುತ್ತಲ್ಲ?

ವಾಸ್ಕೋ ಫೋರ್‌ಮನ್:

ಬಾಟಲಿಗೆ ಮುಚ್ಚಳ ಗಟ್ಟಿ ಇರ್ತದಲ್ಲ ತಮ್ಮಾ, ಅದಕ್ಕ ಬರ್ತದ.

ನಮ್ಮ ಬಾರ್ಜಿಗೆ ಮ್ಯಾಲ ಮುಚ್ಚಳನ ಇಲ್ಲ, ತೆರದ ಹೊಂಡ. ಮಲಗಿದಾಗ ಆ ಬಾಯಿ ಹೊಳಿ ಕಡೆ ಆಗಿತ್ತು. ಪಂಪ್ ಹಚ್ಚಿದ್ರ ಜುವಾರಿ ಹೊಳಿನ ಖಾಲಿ ಮಾಡಬೇಕಾಗ್ತದ. ದೊಡ್ಡ ಹಡಗಿಗೆ ಹ್ಯಾಚ್ ಮುಚ್ಚಳ ಇರ್ತದ ಖರೆ. ಆದ್ರ ಲೆಕ್ಕ ನೋಡು. ಒಂದು ಮೀಟರ್ ಆಳಕ್ಕ ಒಂದು ಚದರ ಮೀಟರ್ ಮ್ಯಾಲ ಒಂದು ಟನ್ ಭಾರ ಬೀಳ್ತದ. ಐದು ಮೀಟರ್ ಆಳದಾಗ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮುಚ್ಚಳ ಇದ್ರ ಹೊರಗಿನ ನೀರು 500 ಟನ್ನಿಲೆ ಒತ್ತತದ. ಒಳಗೂ ನೀರಿದ್ದಾಗ ಎರಡೂ ಕಡೆ ಸಮಾ. ಒಳಗ ಖಾಲಿ ಮಾಡಿದ್ರ ಮುಚ್ಚಳ ಒಳಗ ಬೀಳ್ತದ. ಅದಲ್ಲದ ಗಾಳಿ ಪೈಪು, ಟ್ಯಾಂಕಿನ ಆಳ ಅಳಿಯೂ ಸೌಂಡಿಂಗ್ ಪೈಪು, ಮ್ಯಾನ್‌ಹೋಲು, ಎಂಜಿನ್ ರೂಮಿನ ಬಾಗಲಾ, ಎಲ್ಲಾ ತೂತು ಡೈವರ್ ಒಬ್ಬಾಂವ ಕತ್ತಲ್ಯಾಗ ಹುಡುಕಿ ಮುಚ್ಚಬೇಕು. ಕಟ್ಟಿಗಿ ಬೆಣೆ, ಹಳೇ ಕಂಬಳಿ, ಸಿಮೆಂಟ್ ತುಂಬಿದ ಪೆಟ್ಟಿಗಿ. ಈ ಕೆಲಸದಾಗ ಕಂಬಳಿಗೆ ಇರೂ ಮರ್ಯಾದಿ ಕಂಪ್ಯೂಟರಿಗಿಲ್ಲ.

ಅದಕ್ಕ ನಮ್ಮದ್ರಾಗ ಮೊದಲ ಹೊಳ್ಳಿಸಿದ್ವಿ, ಆಮ್ಯಾಲ ಪಂಪ್. ಹುಣ್ಣಿವಿ ಭರತಿ ಕಾಯ್ದು ರಾತ್ರಿ ಕೆಲಸ ಹಿಡದ್ವಿ. ಗೋವಾದಾಗ ಭರತಿ ಅಂದ್ರ ಎರಡು ಮೀಟರ್ ಆಸುಪಾಸು. ನಿಮ್ಮ ಮುಂಬಯಿಯಾಗ ದೊಡ್ಡ ಭರತಿಗೆ ಐದು ಮೀಟರ್ ತನಕ ಏರ್ತದ, ನಿಮಗ ಸಮುದ್ರನ ಜಾಕು. ನಾವು ಬಡವ್ರು.

ಕೆಸರು ಬಿಡಸಾಕ ನೀರಿನ ಜೆಟ್ ಹೊಡದು, ತಳದ ವಾಯರ್ ಬಿಗದು, ಮ್ಯಾಲಿನ ವಾಯರ್ ಸವಕಾಶ ಜಗ್ಗಿದ್ವಿ. ಒಂದು ಹಂತದ ತನಕ ಅದು ಬರೂದಿಲ್ಲ ಅಂತದ. ಆ ಹಂತ ದಾಟಿದ ಮ್ಯಾಲ ನೀವು ಬ್ಯಾಡ ಅಂದ್ರೂ ಬರ್ತದ. ಒಳಗಿನ ನೀರು ಒಮ್ಮೆಲೆ ಈ ಮಗ್ಗಲಿಗೆ ಹರೀತದ, ಜಗ್ಗೂ ವಾಯರ್ ಸಡ್ಲ ಬೀಳ್ತದ. ಅವತ್ತು ವಿಂಚಿನ ಸಪ್ಪಳ ಒಮ್ಮೆ ಹಗರಾತು, ಎಲ್ಲಾರೂ ಗಪ್ಪ್. ಹಿಂದಿನಿಂದ ಹಿಡದ ಹೋಲ್ಡ್‌ಬ್ಯಾಕ್ ವಾಯರ್ ಇರಲಿಲ್ಲ ಅಂದ್ರ ಬಾರ್ಜ್ ಎದ್ದು ನಿಂತು ಹಂಗ ನಮ್ಮ ಕಡೆ ಮಲಗತಿತ್ತು. ಆ ವಾಯರ್ ಪಟ್ ಅಂತ ಬಿಗದು ಅದರಾಗಿನ ನೀರು ತುಂತುರು ಹಾರಿದ್ದು ಲೈಟಿನ ಬೆಳಕಿನಾಗ ಇನ್ನೂ ಕಣ್ಣಿಗೆ ಕಟ್ಟಿದಂಗ ಅದ. ಬಾರ್ಜ್ ಚೂರು ವಾಲಿ ನಿಂತಿತು. ಆವಾಗ ತಾಂಡೇಲ ಬೀಡಿ ಹಚ್ಚಿದ. ಅಲ್ಲೀತನಕ ಹಚ್ಚಿರಲಿಲ್ಲ.

ಬಾಯಿ ಇನ್ನೂ ನೀರಾಗನ ಇತ್ತು. ಅದರ ಸುತ್ತ ತಗಡು, ಹಲಗಿಲೆ ಗ್ವಾಡಿ ಎಬ್ಬಿಸಿದ್ವಿ. ಅದ ಕಾಫರ್‌ಡ್ಯಾಮ್, ಬಾವಿಗೆ ಕಟ್ಟಿ ಕಟ್ಟಿದಂಗ. ಆಮ್ಯಾಲ ಆರಿಂಚಿನ ಪಂಪು ನಾಕು ಹಚ್ಚಿ, ಎರಡು ದಿನಕ್ಕ ತೇಲಸಿದ್ವಿ.

ಮುಲುಂಡ್ ಚೀಫ್ ಆಫೀಸರ್:

ಒಳ್ಳೆ ಥ್ರೆಡ್ ಮಾರಾಯ್ರೆ. ನಾನು ಮಂಗಳೂರಿನವ, ಇಪ್ಪತ್ತಾರು ವರ್ಷ ಹಡಗಿನಲ್ಲಿದ್ದೆ, ಈಗ ಮುಲುಂಡ್‌ನಲ್ಲಿ ಮನೆ, ಕೆಲಸ ಇಲ್ಲ, ತರಕಾರಿ ತರುವುದೊಂದು ಉಂಟು.

ಫೋರ್‌ಮನ್ ಅಣ್ಣನ ಹತ್ತಿರ ಒಂದು ಜಗಳ. ದಿಮ್ಮಿಯ ಹೋಲಿಕೆ ಅರ್ಧ ಸರಿ. ಹಗ್ಗ ದಿಮ್ಮಿಯ ಸುತ್ತ ಸಡಿಲವಾಗಿ ಬಂದು ಒಂದು ತುದಿ ಕಟ್ಟಿದ್ದರೆ ಮಾತ್ರ ಅರ್ಧ ಬಲ ಸಾಕು. ನೀವು ಪ್ಯಾಡ್ ಐ ವೆಲ್ಡ್ ಮಾಡಿ ಜಗ್ಗಿದಿರಿ, ಅಲ್ಲಿ ಆ ಲಾಭ ಇಲ್ಲ. ಅಲ್ಲಿರುವುದು ಬರೀ ತಿರುಗಿಸುವ ಬಲ: ಎಳೆತ ಎಷ್ಟು, ತಿರುಗುವ ಜಾಗದಿಂದ ಎಷ್ಟು ದೂರ. ಆ 40 ಅಡಿಯ ಕಮಾನು ಅದಕ್ಕೇ.

ಭೋಸರಿಯವರಿಗೆ: ಕ್ರೇನ್‌ನಿಂದ ನೇರ ಎತ್ತಿದ್ದೂ ಉಂಟು, ಆದರೆ ತುಂಡು ಮಾಡಿ. ಅಮೆರಿಕದ ಬ್ರನ್ಸ್‌ವಿಕ್ ಬಂದರಿನ ಹತ್ತಿರ ಗೋಲ್ಡನ್ ರೇ ಅಂತ 200 ಮೀಟರ್ ಉದ್ದದ ಕಾರು ಸಾಗಿಸುವ ಹಡಗು 2019ರ ಸೆಪ್ಟೆಂಬರ್ 8ರಂದು ತಿರುವು ತೆಗೆದುಕೊಳ್ಳುವಾಗ ಮಗುಚಿತು. ಒಳಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕಾರು. ಎಂಜಿನ್ ರೂಮಿನಲ್ಲಿ ಸಿಕ್ಕಿದ್ದ ನಾಲ್ವರನ್ನು ಮರುದಿನ ಹೊಟ್ಟೆಗೆ ತೂತು ಕೊರೆದು ತೆಗೆದರು, ಎಲ್ಲ 24 ಜನ ಬದುಕಿದರು. ಇಡಿಯಾಗಿ ನಿಲ್ಲಿಸುವುದು ಬೇಡ ಅಂತ ದೊಡ್ಡ ಕಮಾನು ಕ್ರೇನ್ ತಂದು, ಆಂಕರ್ ಚೈನನ್ನು ಗರಗಸದ ಹಾಗೆ ಆಡಿಸಿ ಎಂಟು ತುಂಡು ಮಾಡಿದರು. ಒಂದೊಂದು ಕೊಯ್ತಕ್ಕೆ ಒಂದು ದಿನ ಸಾಕು ಅಂತ ಶುರುವಿನಲ್ಲಿ ಲೆಕ್ಕ ಹಾಕಿದ್ದರು, ಮೊದಲನೆಯದಕ್ಕೇ ಮೂರು ವಾರ ಹಿಡಿಯಿತು. ನಡುವೆ ಬೆಂಕಿ ಬೇರೆ. 2021ರ ಅಕ್ಟೋಬರಿಗೆ ಕೊನೆಯ ತುಂಡು ಹೋಯಿತು.

ಮಗುಚಿದ್ದೇಕೆ? ಚೀಫ್ ಆಫೀಸರ್ ಬ್ಯಾಲಸ್ಟ್ ನೀರಿನ, ಅಂದರೆ ಹಡಗು ಸ್ಥಿರವಾಗಿ ನಿಲ್ಲಲಿಕ್ಕೆ ಟ್ಯಾಂಕಿಗೆ ತುಂಬುವ ನೀರಿನ, ಅಂಕಿ ಕಂಪ್ಯೂಟರಿಗೆ ತಪ್ಪಾಗಿ ಹಾಕಿದ. ಇಷ್ಟೇ. ತನಿಖೆಯ ವರದಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ, ಯಾಕೆಂದರೆ ಅದೇ ಕುರ್ಚಿಯಲ್ಲಿ ಕೂತು ಅದೇ ಅಂಕಿಗಳನ್ನು ರಾತ್ರಿ ಮೂರು ಗಂಟೆಗೆ ನಾನೂ ಹಾಕಿದವ.

ಒಳಗಿನ ನೀರಿನ ವಿಷಯ ಮಗನಿಗೆ ಹೀಗೆ ತೋರಿಸಿ ಅಕ್ಕ. ಅಗಲದ ಹರಿವಾಣದಲ್ಲಿ ಅರ್ಧ ನೀರು ಹಿಡಿದು ಹಾಲ್‌ನಿಂದ ಅಡುಗೆ ಮನೆಗೆ ನಡೆಯಲು ಹೇಳಿ. ಆಮೇಲೆ ಅಷ್ಟೇ ನೀರು ಚೊಂಬಿನಲ್ಲಿ. ನೀರು ಎಷ್ಟು ಅನ್ನುವುದಕ್ಕಿಂತ ಎಷ್ಟು ಅಗಲಕ್ಕೆ ಓಡಾಡುತ್ತದೆ ಅನ್ನುವುದು ಮುಖ್ಯ. ಟ್ಯಾಂಕಿನ ನಡುವೆ ಉದ್ದಕ್ಕೆ ಒಂದು ಗೋಡೆ ಹಾಕಿದರೆ ಈ ಕಾಟ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಎಬ್ಬಿಸಿದ ಹಡಗು ಪಂಪ್ ಮಾಡುವಾಗ ಮತ್ತೆ ಮಗುಚುವುದು ಇದರಿಂದಲೇ.

ಅದಿರಿಗೂ ಅದೇ ಕಥೆ. ಒದ್ದೆ ಅದಿರಿನ ಪುಡಿ ನೋಡಲಿಕ್ಕೆ ಮಣ್ಣಿನ ಗುಡ್ಡೆ, ಎಂಜಿನಿನ ನಡುಕಕ್ಕೆ ಒಳಗಿನ ನೀರು ಮೇಲೆ ಬಂದು ಅಂಬಲಿಯಾಗುತ್ತದೆ. 2009ರಲ್ಲಿ ಎರಡು ಹಡಗು ಹೀಗೆ ಹೋದವು, ಜುಲೈಯಲ್ಲಿ ನಮ್ಮ ಮಂಗಳೂರಿನ ಹೊರಗೆ ಏಷ್ಯನ್ ಫಾರೆಸ್ಟ್, ಸೆಪ್ಟೆಂಬರಿನಲ್ಲಿ ಪಾರಾದೀಪ್ ಹತ್ತಿರ ಬ್ಲ್ಯಾಕ್ ರೋಸ್. ನಾವು ಲೋಡಿಂಗ್ ಮೊದಲು ಡಬ್ಬಿ ಪರೀಕ್ಷೆ ಮಾಡುತ್ತಿದ್ದೆವು: ಒಂದು ಡಬ್ಬಿಗೆ ಅರ್ಧ ಅದಿರು ತುಂಬಿ, ಒಂದು ಗೇಣು ಎತ್ತರದಿಂದ 25 ಸಲ ಗಟ್ಟಿ ನೆಲಕ್ಕೆ ಕುಕ್ಕುವುದು. ಮೇಲೆ ನೀರು ಮಿನುಗಿದರೆ ಲೋಡ್ ಮಾಡಬಾರದು, ಲ್ಯಾಬಿಗೆ ಕಳಿಸಬೇಕು. ಒಂದು ಬಂದರಿನಲ್ಲಿ ನೀರು ಮಿನುಗಿತು ಅಂದಾಗ ಏಜೆಂಟ್, "ಸರ್, ಅದು ನಿಮ್ಮ ಕೈ ಬೆವರು" ಅಂದ. ಹಡಗು ಒಂದೂವರೆ ದಿನ ನಿಂತಿತು, ನನಗೆ ಫೋನಿನಲ್ಲಿ ಬೈಗುಳ. ಕೈ ಬೆವರಿದ್ದೂ ಸುಳ್ಳಲ್ಲ.

ಹಾಗೇ ಬಿಟ್ಟರೆ ಏನಾಗುತ್ತದೆ ಅಂತಲೂ ಯಾರಾದರೂ ಕೇಳುತ್ತಾರೆ. 2010ರ ಆಗಸ್ಟ್ 7ರಂದು ಇಲ್ಲೇ ಮುಂಬಯಿ ಬಾಗಿಲಲ್ಲಿ ಎಂಎಸ್‌ಸಿ ಚಿತ್ರಾ, ಖಲೀಜಿಯಾ 3 ಎಂಬ ಹಡಗುಗಳು ಡಿಕ್ಕಿಯಾಗಿ ಚಿತ್ರಾ ಒಂದು ಕಡೆ ವಾಲಿತು. ಕಂಟೇನರ್‌ಗಳು ಚಾನೆಲ್‌ನಲ್ಲಿ ತೇಲುತ್ತಿದ್ದವು. ಮುಂಬಯಿ, ನ್ಹಾವಾ ಶೇವಾ ಎರಡೂ ಬಂದರು ದಿನಗಟ್ಟಲೆ ಬಂದ್, ನಾವು ಹೊರಗೆ ಲಂಗರು ಹಾಕಿಕೊಂಡು ಬೈನಾಕ್ಯುಲರ್ ಹಿಡಿದು ತೇಲುವ ಪೆಟ್ಟಿಗೆ ಎಣಿಸುತ್ತಾ ಕೂತಿದ್ದೆವು.

ವಾಸ್ಕೋ ಫೋರ್‌ಮನ್:

ಸಾಹೇಬ್ರ, ದಿಮ್ಮಿ ವಿಷಯ ಒಪ್ಕೊಂಡೆ. ಪ್ಯಾಡ್ ಐ ಹಚ್ಚಿದ ಮ್ಯಾಲ ಅದು ದಿಮ್ಮಿ ಅಲ್ಲ, ಸನಿಕಿ.

ಬಿಟ್ರ ಏನಾಗ್ತದ ಅನ್ನೂದಕ್ಕ ನಮ್ಮ ಗೋವಾದ ಕಾಂದೋಳಿ ದಂಡಿ ಸಾಕ್ಷಿ. ರಿವರ್ ಪ್ರಿನ್ಸೆಸ್ ಅನ್ನೂ ಹಡಗು 2000ದ ಜೂನ್ 6ಕ್ಕ ಬಂದು ಉಸುಕಿನಾಗ ಕುಂತಿತು. ಮಗುಚಿರಲಿಲ್ಲ, ನೆಟ್ಟಗನ ಇತ್ತು. ಮೊದಲ ವಾರದಾಗ ಅದು ಬರೇ ಹಡಗು. ಎರಡು ಮಳಿಗಾಲ ಆದಮ್ಯಾಲ ಒಳಗ ಉಸುಕು, ನೀರು ತುಂಬಿ ದಂಡಿದ ಒಂದು ತುಂಡನ ಆತು. ಕೋರ್ಟು, ಟೆಂಡರು, ಮತ್ತ ಟೆಂಡರು. 2012ಕ್ಕ ಅಲ್ಲೇ ಕೊಯ್ದು ಕೊಯ್ದು ತಗದ್ರು. ನನ್ನ ಮಗಳು ಹುಟ್ಟೂಕಿಂತ ಮೊದಲ ಬಂದದ್ದು, ಆಕಿ ಐದನೇತ್ತಾ ಓದೂ ತನಕ ಇತ್ತು. ಆಕಿ ಚಿತ್ರ ಬರೀವಾಗ ಸಮುದ್ರ ಅಂದ್ರ ಅದರಾಗೊಂದು ತುಕ್ಕು ಹಿಡದ ಹಡಗು ಇರಾಕಬೇಕು.

ಭೋಸರಿ ಮೆಕ್ಯಾನಿಕಲ್:

ನನ್ನ ಪ್ರೆಸ್ ಮಷಿನ್ ವಾಪಸ್ ತಗೊಂಡೆ. ಆದ್ರೆ ಒಂದು ಹೇಳಿಬಿಡ್ತೀನಿ, ಅದನ್ನ ಎತ್ತೋವಾಗ ನಮ್ಮದೂ ಜಾರಿತ್ತು. ಹೇಳಿರಲಿಲ್ಲ.

ಡೊಂಬಿವಲಿ ಟೈಪಿಸ್ಟ್:

ಹರಿವಾಣ ಪ್ರಯೋಗ ಆಯ್ತು, ಹಾಲ್ ಒರೆಸಿದ್ದೂ ಆಯ್ತು. ಚೊಂಬು ಗೆದ್ದಿತು.

ಫೋರ್‌ಮನ್ ಕಾಕಾ, ಇನ್ನೊಂದು. ನೀವು ಬರೆದ "ಹೋಲ್ಡ್‌ಬ್ಯಾಕ್" ಓದಿ ಇವತ್ತು ಆಫೀಸಿಗೆ ಹೋದ ತಕ್ಷಣ ಹಳೇ ಫೈಲ್ ತೆಗೆದು ನೋಡಿದೆ. ಹನ್ನೊಂದು ವರ್ಷದಿಂದ ನಾನು ಪ್ರತಿ ರಿಪೋರ್ಟಿನಲ್ಲೂ "ಹೋಲ್ಡ್ ಬ್ಲ್ಯಾಕ್" ಅಂತಲೇ ಟೈಪ್ ಮಾಡಿದ್ದೀನಿ. ಕಪ್ಪು ಬಣ್ಣದ ಚೈನ್ ಅಂದ್ಕೊಂಡಿದ್ದೆ. ಸಾಹೇಬರು ಸಹಿ ಹಾಕಿದ್ದಾರೆ, ಇನ್ಶೂರೆನ್ಸ್‌ನವರು ದುಡ್ಡೂ ಕೊಟ್ಟಿದ್ದಾರೆ. ಯಾರೂ ಕೇಳಿಲ್ಲ. ಈಗ ಹೇಳಲಾ, ಸುಮ್ಮನಿರಲಾ?

ವಾಸ್ಕೋ ಫೋರ್‌ಮನ್:

ಹೊಸಾವ್ರಾಗ ಸರಿ ಮಾಡ್ರಿ, ಹಳೇವ್ರ ತಂಟಿಗೆ ಹೋಗಬ್ಯಾಡ್ರಿ ಅಕ್ಕಾರ. ನಮ್ಮ ಬಾರ್ಜಿಂದಂತೂ ಗ್ರೀಸ್ ಬಳದು ಕಪ್ಪನ ಇತ್ತು.